ಮಗ್ಗ ನಿಂತ ಹೊತ್ತು

ಸೊಸೆ ಶ್ರೀದೇವಿ ಮತ್ತೆ ಧ್ಯಾನದ ಮಾತೆತ್ತಿದ್ದೇ ತಡ, ಭಾಗವ್ವನಿಗೆ ನಗು ಒತ್ತರಿಸಿ ಬಂದು ಬಾಯಲ್ಲಿದ್ದ ಶೇಂಗಾ ನೆತ್ತಿಗೇರಿತು. ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ತೇರದಾಳದ ಬಸ್ಸಿಗೆ ಕಾಯುತ್ತಿದ್ದ ಅಪರಿಚಿತೆ ಕ್ಷಮಾ ಪಕ್ಕದಿಂದ ನೀರಿನ ಬಾಟಲಿ ಕೊಟ್ಟಳು. ಕಿವಿಯನ್ನೂ ಅಲ್ಲೇ ಬಿಟ್ಟಳು.

“ನಗಬ್ಯಾಡ್ರಿ ಅತ್ತಿ. ನಿಮ್ಮ ಮೊಮ್ಮಗಳು ನೇಹಾ ಒಂದು ಕಡೆ ಕುಂತು ಊಟಾನೂ ಮಾಡಂಗಿಲ್ಲ. ದಿನಾ ಒಂದಿಷ್ಟು ಹೊತ್ತು ಕಣ್ಣು ಮುಚ್ಚಿ ಸುಮ್ನ ಕುಂತ್ರ ಛಲೋ ಅಲ್ಲೇನ್ರಿ?”

“ಕೂಡ್ರಲಿ ಬಿಡವಾ. ಅದಕ್ಕ ಮನ್ಯಾನ ಮಗ್ಗ ಎಲ್ಲಾ ಯಾಕ ಬಂದ್ ಮಾಡಿಸಿದಿ?”

“ಆ ಖಟಪಟದಾಗ ಧ್ಯಾನ ಹೆಂಗ ಆಗತೈತ್ರಿ?”

“ಬಂದ್ ಮಾಡಿದ ಮ್ಯಾಲ ಆತೇನು? ಸಪ್ಪಳ ನಿಂತಿದ್ದಕ್ಕ ಓಣಿ ಮಂದಿ ಎಲ್ಲಾ ಬಾಗಲಕ್ಕ ಬಂತು. ಹಬ್ಬ ಇಲ್ಲ, ಕರೆಂಟ್ ಐತಿ, ಆದ್ರೂ ಮಗ್ಗ ನಿಂತಾವ ಅಂದ ಮ್ಯಾಲ ಈ ಮನ್ಯಾಗ ಯಾರೋ ಸತ್ತಾರ ಅಂತ ತಿಳಕೊಂಡ್ರು. ಹಿಂದಿನ ಮನಿ ವೀರಣ್ಣ ಹೂವಿನ ಹಾರಾನೂ ತಂದಿದ್ದ!”

“ಯಾರಿಗಿ ತಂದಿದ್ರಂತ್ರಿ?”

“ಮತ್ಯಾರಿಗಿ, ನನಗ! ಬಾಗಲಾ ತಗದು ನಾನ ಇಸ್ಕೊಂಡೆ.”

ಶ್ರೀದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಕ್ಷಮಾ ನಗು ಮುಚ್ಚಲು ಮುಖ ಆಚೆ ತಿರುಗಿಸಿದಳು.

“ಆತ್ರಿ, ಇವತ್ತ ಸಂಜೀಕ ನೀವೂ ಕೂಡ್ರಿ ಅತ್ತಿ. ಆಯಿ ಕುಂತ್ರ ಅಷ್ಟ ನಾ ಕೂಡ್ರತೇನಿ ಅಂತ ನೇಹಾ ಹಟ ಹಿಡದಾಳ. ನೀವು ಬರಲಿಲ್ಲಂದ್ರ ಆಕಿ ಇನ್ನ ಕೈಗೆ ಸಿಗಂಗಿಲ್ಲ.”

ಅತ್ತೆ-ಸೊಸೆ ಕಾಯುತ್ತಿದ್ದ ಬನಹಟ್ಟಿ ಬಸ್ಸು ಬಂತು. ಭಾಗವ್ವ ಚೀಲ ಎತ್ತಿಕೊಂಡು ಮೆಟ್ಟಿಲಿಗೆ ಕಾಲಿಟ್ಟಳು.

“ನಾನೂ ಕಣ್ಣು ಮುಚ್ಚಿದ್ರ, ಎಲ್ಲಾರೂ ಜೀವಂತ ಅದೀವಿ ಅಂತ ಬಾಗಲಕ್ಕ ಬಂದ ಮಂದಿಗೆ ಹೇಳೋರ‍್ಯಾರು? ನಾ ಒಲ್ಲೆ.”