ನನ್ನ ಯಜಮಾನರು ಮಕ್ಕಳ ಕಳ್ಳರಲ್ಲ

ಹೆಸರು: ಸುಲ್ತಾನಾ ಗಂಡ ಯಾಸೀನ ನದಾಫ, ವಯಸ್ಸು: 43 ವರ್ಷ, ಉದ್ಯೋಗ: ಹೊಲಿಗೆ ಕೆಲಸ, ಸಾ: ಇಂಡಿ, ಜಿಲ್ಲೆ: ವಿಜಯಪುರ.

ಇಂಡಿ ಬಸ್ ನಿಲ್ದಾಣದಲ್ಲಿ ಇಂದು ನಡೆದ ಘಟನೆಯ ಬಗ್ಗೆ ಪೊಲೀಸರು ನನ್ನನ್ನು ವಿಚಾರಿಸಿದ್ದರಿಂದ ನನಗೆ ಗೊತ್ತಿರುವುದನ್ನು ಕೆಳಗಿನಂತೆ ತಿಳಿಸುತ್ತೇನೆ.

ನನ್ನ ಯಜಮಾನರಾದ ಯಾಸೀನ ಬಾಬುಲಾಲ ನದಾಫ, ವಯಸ್ಸು 48, ಇವರು ಇಂಡಿಯ ಲಿಂಬೆ ಮಾರುಕಟ್ಟೆಯಲ್ಲಿ ಹರಾಜಿನ ಸವಾಲು ಕೂಗುತ್ತಿದ್ದರು. ಅಗರಖೇಡ, ಲಚ್ಯಾಣದ ಕಡೆಯ ರೈತರು ಚಹಾದಂಗಡಿಯಲ್ಲಿ ಕುಳಿತು ಇವರ ದನಿಯ ಮೇಲೆಯೇ ಯಾರ ರಾಶಿ ಸವಾಲಿಗೆ ಬಂತೆಂದು ತಿಳಿಯುತ್ತಿದ್ದರು. ಇವರಿಗೆ ಕುಡಿಯುವ ಚಟ ಇಲ್ಲ. ಹರೆಯದಿಂದಲೂ ಅರ್ಧತಲೆ ನೋವು ಇತ್ತು. ಐದು ವರ್ಷದ ಹಿಂದೆ ಸವಾಲಿನ ನಡುವೆಯೇ ಮಾತು ತೊದಲಿ ಬಲಗೈ ಸೋತಿತು. ಲಕ್ವ ಎಂದು ಔಷಧ ಕೊಡಿಸಿದೆವು. ಕೈ ಸರಿಯಾಯಿತು. ಆದರೆ ಆಮೇಲೆ ಕೂಗುತ್ತ ಕೂಗುತ್ತ ಮುಂದಿನ ಅಂಕಿ ಹೊಳೆಯದೆ ನಿಂತುಬಿಡುತ್ತಿದ್ದರು. ಕಾರಣವಿಲ್ಲದೆ ಅಳುತ್ತಿದ್ದರು. ಕುಡಿದು ಬಂದಿದ್ದಾನೆಂದು ಜನ ನಕ್ಕರು. ಕೆಲಸ ಹೋಯಿತು.

ಕಳೆದ ವರ್ಷ ಸೋಲಾಪುರದಲ್ಲಿ ನರರೋಗದ ಡಾಕ್ಟರಿಗೆ ತೋರಿಸಿದೆವು. ಅವರು ತಲೆಯ ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆ ಮಾಡಿಸಿ, ಇದು ಬಹಳ ಅಪರೂಪದ ಮರೆವಿನ ಕಾಯಿಲೆ, ಹೆಸರು ಕೆಡಾಸಿಲ್ ಎಂದು ತಿಳಿಸಿದರು. ನನಗೆ ಅರ್ಥವಾಗಲಿಲ್ಲ. ಆಗ ಅವರು, "ನಿಮ್ಮ ಕಡೆ ಲಿಂಬಿ ತ್ವಾಟಕ್ಕ ಡ್ರಿಪ್ ಹಾಕಿರ್ತಾರಲ್ರಿ? ದೊಡ್ಡ ಪೈಪಿನ್ಯಾಗ ನೀರು ಇರ್ತೈತಿ, ಸಣ್ಣ ನಳಿಗೋಳು ಕಟ್ಟಿಕೊಂಡಿರ್ತಾವ. ಗಿಡ ಒಂದೊಂದಽ ಒಣಗ್ತಾವ. ಇವರ ಮೆದುಳಿನ್ಯಾಗ ಹಂಗ ಆಗಾಕತ್ತೈತಿ" ಎಂದರು. ನಳಿ ಬದಲಿಸಲು ಬರುವುದಿಲ್ಲವೇ ಎಂದು ಕೇಳಿದೆ. ಬರುವುದಿಲ್ಲ, ಇದನ್ನು ನಿಲ್ಲಿಸುವ ಔಷಧ ಇನ್ನೂ ಇಲ್ಲ ಎಂದರು. ಇದು ಹೆತ್ತವರಿಂದ ಮಕ್ಕಳಿಗೆ ಇಳಿಯುವ ಕಾಯಿಲೆ, ಬರುವುದೂ ಬಾರದಿರುವುದೂ ಅರ್ಧಕ್ಕರ್ಧ ಎಂದೂ ಹೇಳಿದರು.

ಮನೆಗೆ ಬಂದು ಅತ್ತೆ ಮಾಬುಬಿಯವರಿಗೆ ತಿಳಿಸಿದಾಗ ಅವರು, "ನಿಮ್ಮ ಮಾವಗೂ ಹಿಂಗ ಆಗಿತ್ತವಾ. ನಾವು ಗಾಳಿ ಹೊಡದೈತಿ ಅಂತ ದರ್ಗಾ ದರ್ಗಾ ಅಡ್ಡಾಡಿದ್ವಿ" ಎಂದರು. ನಮಗೆ ಒಬ್ಬಳೇ ಮಗಳು, ಅಫ್ರೀನ, ವಯಸ್ಸು 19. ಕಾಲೇಜಿನಲ್ಲಿ ಓದುತ್ತಾಳೆ. ಅವಳಿಗೂ ಈಚೆಗೆ ಅರ್ಧತಲೆ ನೋವು ಬರುತ್ತದೆ. ರಕ್ತ ಪರೀಕ್ಷೆ ಮಾಡಿಸುವುದೂ ಬಿಡುವುದೂ ಅವಳ ಇಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಅವಳು ಇನ್ನೂ ಮಾಡಿಸಿಲ್ಲ.

ಇಂದು ಮಧ್ಯಾಹ್ನ 3 ಗಂಟೆಯ ಸುಮಾರಿಗೆ ನಾನು ಒಬ್ಬ ಗಿರಾಕಿಯ ಅಳತೆ ತೆಗೆದುಕೊಳ್ಳುತ್ತಿರುವಾಗ ಯಜಮಾನರು ಹೊರಗೆ ಹೋಗಿದ್ದಾರೆ. ನಾನೂ ಮಗಳೂ ಹುಡುಕುತ್ತ ಹೊರಟೆವು. ನಮ್ಮ ಮನೆಯಿಂದ ಬಸ್ ನಿಲ್ದಾಣ ಅರ್ಧ ಕಿಲೋಮೀಟರ್ ಇದೆ. ಅಲ್ಲಿ ಜನ ಗುಂಪುಗೂಡಿದ್ದರು. ನಿಲ್ದಾಣದಲ್ಲಿ ಹಣ್ಣು ಮಾರುವ ಕಾಶಿಬಾಯಿ ನನಗೆ ತಿಳಿಸಿದ್ದೇನೆಂದರೆ, ಪಲ್ಲವಿ ಎಂಬುವವರು ನಾಲ್ಕು ವರ್ಷದ ಮಗಳೊಂದಿಗೆ ಸಿಂದಗಿ ಬಸ್ಸಿಗೆ ಕಾಯುತ್ತಿದ್ದರು. ಯಜಮಾನರು ಆ ಮಗುವನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, ಮನೆಗೆ ಹೋಗೋಣ ನಡಿ ಎನ್ನುತ್ತ ಗೇಟಿನ ಕಡೆ ನಡೆದರು. ತಾಯಿ ಕಿರುಚಿದರು. ಮಕ್ಕಳ ಕಳ್ಳ ಎಂದು ಯಾರೋ ಕೂಗಿದರು. ಜನ ಮಗುವನ್ನು ಕಸಿದುಕೊಂಡು ಇವರನ್ನು ಹೊಡೆದರು.

ನಾವು ಗುಂಪಿನೊಳಗೆ ನುಗ್ಗಿದಾಗ ಇವರು ನೆಲದ ಮೇಲೆ ಕುಳಿತಿದ್ದರು. ತುಟಿ ಒಡೆದಿತ್ತು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಕೆಲವರು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು. ಇವರಿಗೆ ಆರಾಮಿಲ್ಲ, ಹೊಡೆಯಬೇಡಿ ಎಂದು ನಾನು ಬೇಡಿಕೊಂಡೆ. ನಾಟಕ ಎಂದು ಒಬ್ಬ ಅಂದ. ಇವರು ಆ ಮಗುವನ್ನು ತೋರಿಸಿ, "ಆಕಿ ನನ್ನ ಮಗಳ್ರಿ. ನಮ್ಮ ಅಫ್ರೀನ. ಕೊಡ್ರಿ" ಎಂದು ಅಳುತ್ತಿದ್ದರು.

ನನ್ನ ಮಗಳು ಅವರೆದುರು ಕುಳಿತು, "ಅಪ್ಪಾ, ನಾನಽ ಅಫ್ರೀನ. ನನ್ನ ಮಾರಿ ನೋಡು" ಎಂದಳು. ಇವರು ಅವಳ ಮುಖ ನೋಡಿದರು. ಶಾಲೆಯಲ್ಲಿ ಕಲಿಸುವ ಅಕ್ಕೋರು ಎಂದು ತಿಳಿದು, "ಇಲ್ರಿ ಅಕ್ಕೋರ, ನಮ್ಮಾಕಿ ಇನ್ನೂ ಇಷ್ಟಽ ಅದಾಳ" ಎಂದು ನೆಲದಿಂದ ಕೈ ಎತ್ತಿ ಎತ್ತರ ತೋರಿಸಿದರು. ಅದರ ನಂತರ ಯಾರೂ ಹೊಡೆಯಲಿಲ್ಲ. ಪೊಲೀಸರು ಬಂದು ನಮ್ಮನ್ನೂ ಪಲ್ಲವಿಯವರನ್ನೂ ಜೀಪಿನಲ್ಲಿ ಠಾಣೆಗೆ ಕರೆತಂದರು.

ಠಾಣೆಯಲ್ಲಿ ನಾನು ಈ ಕಾಯಿಲೆಯ ಬಗ್ಗೆ ಪಲ್ಲವಿಯವರಿಗೆ ತಿಳಿಸಿದೆ. ಅವರು ಮಗುವನ್ನು ತೊಡೆಯಿಂದ ಇಳಿಸದೆ ಕೇಳಿಸಿಕೊಂಡರು. "ನನಗ ಕೇಸ್ ಬ್ಯಾಡ್ರಿ. ಆದ್ರ ಅಕ್ಕಾ, ನನ್ನ ಕೂಸು ಇನ್ನೂ ನಡುಗಾಕತ್ತೈತಿ. ಅವರ್ನ ಒಬ್ಬರನ್ನಽ ಹೊರಗ ಬಿಡಬ್ಯಾಡ್ರಿ" ಎಂದರು. ಅವರು ಹೇಳಿದ್ದು ಸರಿ ಇದೆ. ಆದರೆ ನಾನು ಹೊಲಿದರೆ ಮನೆ ನಡೆಯುತ್ತದೆ. ಅತ್ತೆಗೆ ಕಣ್ಣು ಕಾಣುವುದಿಲ್ಲ. ಮಗಳ ಓದು ಬಿಡಿಸಲು ಮನಸ್ಸಿಲ್ಲ. ಇವರನ್ನು ಹೇಗೆ ಹಿಡಿದಿಡಬೇಕೆಂದು ನನಗೆ ತಿಳಿದಿಲ್ಲ, ತಿಳಿದವರು ಯಾರೂ ಸಿಕ್ಕಿಲ್ಲ.

ಹೊಡೆದವರ ಮೇಲೆ ದೂರು ಕೊಡುತ್ತೀರಾ ಎಂದು ಸಾಹೇಬರು ಕೇಳಿದ್ದಾರೆ. ದೂರು ಇಲ್ಲ. ಆದರೆ ಆ ವಿಡಿಯೊ ಈಗಾಗಲೇ ಮಗಳ ಕಾಲೇಜಿನವರ ಮೊಬೈಲಿಗೆ ಬಂದಿದೆ. ಅದನ್ನು ತೆಗೆಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇನ್ನೇನಾದರೂ ಹೇಳುವುದಿದೆಯೇ ಎಂದು ಸಾಹೇಬರು ಕೇಳಿದ್ದಾರೆ. ಜೀಪಿನಲ್ಲಿ ಬರುವಾಗ ಮಗಳು ನನ್ನ ಕೈ ಹಿಡಿದು, "ಅವ್ವಾ, ಮುಂದ ನನಗೂ ನಿನ್ನ ಗುರ್ತ ಸಿಗಲಿಲ್ಲಂದ್ರ ಸಿಟ್ಟಾಗಬ್ಯಾಡ" ಎಂದಳು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಇಂಡಿ
ದಿನಾಂಕ: 18-02-2025
ಸಹಿ: ಸುಲ್ತಾನಾ