ಬಂದ್ರಾ, ಬಂದ್ರಾ

ಕಂದೀಲು ಸ್ವಲ್ಪ ಸಣ್ಣದು ಮಾಡು. ಬಾಗಿಲ ಚಿಲಕ ಹಾಕಿದೆಯಾ? ಸರಿ, ಕೂತುಕೋ.

ಇದು ಎಲ್ಲೋ ಕೇಳಿದ್ದಲ್ಲ. ನಮ್ಮ ಚಿಕ್ಕವ್ವನ ಮಗ ಶಿವರಾಯನಿಗೆ ಆದದ್ದು. ಆದ ಮೂರನೇ ದಿನ ಅವನು ಜ್ವರ ಹೊತ್ತುಕೊಂಡು ಔರಂಗಾಬಾದಿನ ನಮ್ಮ ಮನೆಗೆ ಬಂದ. ನನ್ನ ಒಲೆಯ ಪಕ್ಕ ಕೂತು ಹೇಳಿದ. ಊರಿನ ಹೆಸರು ಬೇಡ, ಆ ಜನ ಇನ್ನೂ ಅಲ್ಲಿದ್ದಾರೆ. ಲಾಸಲಗಾಂವ್‌ನಿಂದ ಮೂರು ಹರದಾರಿ ಅಂತ ಇಟ್ಟುಕೋ. ಅರವತ್ಮೂರನೇ ಇಸವಿ, ಚಳಿಗಾಲ.

ಅವತ್ತು ಶಿವರಾಯ ಜಯಕರ ಅನ್ನುವವನ ಹೋಟೆಲಿನಲ್ಲಿ ಊಟ ಮುಗಿಸಿ ತನ್ನ ಕೋಣೆಗೆ ಹೊರಟಿದ್ದ. ಎಂದೂ ಇಲ್ಲದಷ್ಟು ತಡವಾಗಿತ್ತು. ಊರ ಹೊರಗೆ ಒಂದು ಪಾಳುಬಾವಿ. ಅದನ್ನು ದಾಟಿದರೆ ಆಲದ ಮರ. ಮರಕ್ಕೆ ಒತ್ತಿಕೊಂಡು ಒಂದು ತಂತಿ ಕಂಬ. ಗಾಳಿಗೆ ಕಂಬ ಗುಂಯ್ ಅನ್ನುವುದು ಎಲ್ಲರಿಗೂ ಗೊತ್ತಿರುವುದೇ. ಆದರೆ ಈ ಕಂಬದ ತಂತಿ ಅಲ್ಲಿಗೇ ಕಡಿದಿತ್ತು. ಕೊನೆ ಕೆಳಗೆ ಜೋತುಬಿದ್ದಿತ್ತು. ಆಚೆ ಎಲ್ಲಿಗೂ ಹೋಗುತ್ತಿರಲಿಲ್ಲ.

ಗುಂಯ್... ಅಂತಿತ್ತು. ಅದರೊಳಗಿಂದ... ಕಡಾ, ಕಟ್, ಕಟ್, ಕಟ್.

ಬೇರೆಯವರಾದರೆ ಎದ್ದೆನೋ ಬಿದ್ದೆನೋ ಅಂತ ಓಡುತ್ತಿದ್ದರು. ಇವನು ಹನ್ನೊಂದು ತಿಂಗಳಿಂದ ಆ ಊರಿನ ತಾರ್ ಆಫೀಸಿನಲ್ಲಿ, ಕಟ್-ಕಡಾ ಬಡಿದು ತಂತಿಯಲ್ಲಿ ಸುದ್ದಿ ಕಳಿಸುವ ಕೆಲಸ ಕಲಿಯುತ್ತಿದ್ದವನು. ಶಬ್ದ ಕೇಳಿದರೆ ಅಕ್ಷರ ಕಾಣುವಷ್ಟು ಹುಚ್ಚು ಹಿಡಿದಿತ್ತು. ಕಂಬಕ್ಕೆ ಕಿವಿಯಿಟ್ಟ. ಕಬ್ಬಿಣ ಮಂಜಿನ ಹಾಗೆ ತಣ್ಣಗಿತ್ತು. ಬಿ... ಎ... ಎನ್... ಡಿ... ಆರ್... ಎ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ.

ಬಾಂದ್ರಾ. ಮುಂಬೈಯಲ್ಲಿ ಇದೆಯಲ್ಲ, ಆ ಊರು.

ಮರುದಿನ ಬೆಳಿಗ್ಗೆ ಗುರುವಿಗೆ ಹೇಳಿದ. ಗುರು ಅಂದರೆ ಆ ಆಫೀಸಿನ ತಾರ್ ಬಾಬು ವಿಶ್ವನಾಥಪ್ಪ. ನಮ್ಮ ಬೀದರ ಕಡೆಯವನೇ, ಹೆಂಡತಿ ತೀರಿಹೋದ ಒಂಟಿ ಮನುಷ್ಯ. ಶಿವರಾಯನನ್ನು ಮಗನ ಹಾಗೆ ನೋಡಿಕೊಂಡಿದ್ದ ಅಂತ ನಾವೆಲ್ಲ ನಂಬಿದ್ದೆವು. ನನಗೆ ಈಗಲೂ ಹೊಟ್ಟೆ ಉರಿಯುವುದು ಅದಕ್ಕೇ.

ವಿಶ್ವನಾಥಪ್ಪ ಬಾಯಿಗೆ ತಂದ ಚಹಾ ಬಶಿ ಕೆಳಗಿಟ್ಟ. "ಮುಂಬೈ ತಾರ್ ಅದು. ಗಾಳಿಗಿ ಹಂಗ ಕೇಳ್ತದ. ಆ ದಾರಿ ಬಿಟ್ಟು ಬ್ಯಾರೆ ದಾರೀಲಿ ಹೋಗು."

"ತಂತಿ ಕಡದದಲ್ರಿ ಅಲ್ಲಿ?"

"ಹೇಳಿದಷ್ಟು ಕೇಳು."

ಮನುಷ್ಯ ಹೇಗಾದರೂ ಇರಲಿ, ಕಲಿಸುವುದರಲ್ಲಿ ಮಾತ್ರ ಎತ್ತಿದ ಕೈ. ತಂತಿ ಒಂದೇ, ಆಫೀಸು ಹಲವು. ಒಬ್ಬ ಬಡಿದರೆ ಎಲ್ಲರ ಮೇಜಿನ ಮೇಲೂ ಕಟ್ಟಕಡ ಅನ್ನುತ್ತದೆ. ತುಂಬಿದ ಮನೆಯಲ್ಲಿ ತಾಯಿ ಒಂದು ಮಗುವಿನ ಹೆಸರು ಹಿಡಿದು ಕೂಗಿದ ಹಾಗೆ. ಕೇಳುವುದು ಎಲ್ಲರಿಗೂ, ಏಳಬೇಕಾದವನು ಒಬ್ಬನೇ. ಅದಕ್ಕೇ ಮೊದಲು ಯಾರಿಗೆ ಅನ್ನುವುದು, ಆಮೇಲೆ ಯಾರಿಂದ ಅನ್ನುವುದು, ಆಮೇಲೆ ಸುದ್ದಿ. ಸುದ್ದಿ ತಗೊಂಡವನು ಕಟ್-ಕಡಾ-ಕಟ್ ಅಂತ ತಿರುಗಿ ಬಡಿಯಬೇಕು, ಮುಟ್ಟಿತು ಅಂತ. ಅದು ಬರುವವರೆಗೆ ಕಳಿಸಿದವನು ಮತ್ತೆ ಮತ್ತೆ ಕಳಿಸುತ್ತಲೇ ಇರಬೇಕು. ಹೆಸರಿನ ಆಸಾಮಿ ಇಲ್ಲಿಲ್ಲ ಅಂದರೆ ಸುದ್ದಿಯನ್ನು ಇಟ್ಟುಕೊಳ್ಳಬಾರದು. ಅವನು ಎಲ್ಲಿದ್ದಾನೋ ಆ ವಿಳಾಸ ಕೊಟ್ಟು ಮುಂದಕ್ಕೆ ಕಳಿಸಬೇಕು. ಇದನ್ನೆಲ್ಲ ವಿಶ್ವನಾಥಪ್ಪನೇ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದ.

ಇನ್ನೊಂದು ಮಾತು. ತಾರಿನವರಲ್ಲಿ 'ಕೈ' ಅಂತ ಅನ್ನುತ್ತಾರೆ. ಕೈ ಅಂದರೆ ದನಿ ಇದ್ದ ಹಾಗೆ. ಇಪ್ಪತ್ತು ಹರದಾರಿ ಆಚೆ ಕೂತವನಿಗೂ ಬಡಿಯುತ್ತಿರುವವರು ಯಾರು ಅಂತ ಗೊತ್ತಾಗುತ್ತದೆ. ವಿಶ್ವನಾಥಪ್ಪನ ಕೈಗೆ ಒಂದು ಚಾಳಿ. ಪದದ ಕೊನೆಯ ಅಕ್ಷರಕ್ಕೆ ಮುಂಚೆ ಒಂದು ಉಸಿರು ನಿಲ್ಲುತ್ತಿದ್ದ. ಬಾಯಿಮಾತಿನಲ್ಲೂ ಹಾಗೇ ತಡೆಯುತ್ತಿದ್ದ.

ನಮ್ಮ ಶಿವರಾಯ ಹುಟ್ಟು ಎಡಚ. ವಿಶ್ವನಾಥಪ್ಪ ರೂಲುಕಟ್ಟಿಗೆಯಿಂದ ಅವನ ಎಡಗೈ ಗಿಣ್ಣಿಗೆ ಹೊಡೆದು ಹೊಡೆದು ಬಲಗೈ ರೂಢಿ ಮಾಡಿಸಿದ. "ನನ್ನ ಕೈ ನಿನಗ ಬರಬೇಕು. ಹುಬೇಹೂಬ್, ಇದ್ದಂಗೇ ಬರಬೇಕು," ಅನ್ನುತ್ತಿದ್ದ. ಬಂತು. ಆ ಉಸಿರು ನಿಲ್ಲುವ ಚಾಳಿ ಸಮೇತ ಬಂತು. ಏನು ಬಾಬು, ಹಗಲೂ ನೀವೇ, ಸಂಜೆಯೂ ನೀವೇನಾ ಅಂತ ಲಾಸಲಗಾಂವ್‌ನವರು ಕೇಳಿದರಂತೆ. ಶಿವರಾಯ ಅದನ್ನು ಹೆಮ್ಮೆಯಿಂದ ಅವ್ವನಿಗೆ ಕಾಗದ ಬರೆದಿದ್ದ. ಪಾಪ, ಹಾಲು ಕಂಡ ಬೆಕ್ಕಿನ ಹಾಗೆ ಹಿಗ್ಗಿದ್ದ.

ಪರೀಕ್ಷೆಗೆ ಎಂಟು ದಿನ ಇತ್ತು. ಈರುಳ್ಳಿ ಸುಗ್ಗಿ. ಪೇಟೆಯ ಧಾರಣೆ ರಾತ್ರಿಯೂ ತಂತಿಯಲ್ಲಿ ಓಡಾಡುತ್ತಿತ್ತು. ವಿಶ್ವನಾಥಪ್ಪ ಅಂದ, "ಇವತ್ತಿನಿಂದ ರಾತ್ರಿ ಪಾಳಿ ನೀ ಒಬ್ಬನೇ ಕೂಡು." ಆಮೇಲೆ ಕಿಟಕಿಯ ಕಡೆ ತಿರುಗಿ, ದನಿ ಇಳಿಸಿ, "ಒಂದೂ ನಲವತ್ತಕ್ಕ ಒಂದ್ ಕರಿ ಬರ್ತದ. ಬರಕೋಬ್ಯಾಡ. 'ಬಂದೆ' ಅಂತ ಬಡಿ. ಕನ್ನಡದಾಗೇ. ಅಷ್ಟ ಸಾಕು."

"ಯಾರ ಕರಿರಿ ಅದು?"

"ಈ ಲೈನಿಂದು ಹಳೇ ಪದ್ಧತಿ."

ಆ ಸಂಜೆ ಶಿವರಾಯ ಊಟಕ್ಕೆ ಜಯಕರನ ಹೋಟೆಲಿಗೆ ಹೋದ. ಜಯಕರ ಕುಂದಾಪುರದವನು. ಗಲ್ಲಾದ ಮೇಲೆ ಕೂತು, ಒಳಗೆ ಕಾಲಿಟ್ಟ ಕನ್ನಡದವರನ್ನೆಲ್ಲ ಒಂದೇ ಮಾತಿನಲ್ಲಿ ಸ್ವಾಗತಿಸುತ್ತಿದ್ದ. ಅವತ್ತೂ ಹಾಗೇ ಅಂದ.

"ಬಂದ್ರಾ? ಕೂತ್ಕೊಳ್ಳಿ ಮಾರಾಯ್ರೆ."

ದಿನಾ ಕೇಳಿದ ಮಾತು. ನಮ್ಮ ಕಡೆ ಬಂದ್ರೇನ್ರೀ ಅನ್ನುತ್ತೇವೆ, ಅವರ ಕಡೆ ಬಂದ್ರಾ. ಆದರೆ ಅವತ್ತು ಶಿವರಾಯ ಅಲ್ಲೇ ನಿಂತುಬಿಟ್ಟ. ಬಿ, ಎ, ಎನ್, ಡಿ, ಆರ್, ಎ... ಅದು ಊರಲ್ಲ. ಅದು ಪ್ರಶ್ನೆ.

"ಜಯಕರಣ್ಣ, ಆಲದ ಮರದ ಲೈನ್ ಮದ್ಲ ಎಲ್ಲಿಗಿ ಹೋಗ್ತಿತ್ರಿ?"

ಜಯಕರ ಗಿರಾಕಿಗಳ ಕಡೆ ಒಮ್ಮೆ ನೋಡಿ ಹತ್ತಿರ ಬಂದ. "ಇಲ್ಲಿಂದ ಗುಡ್ಡದ ಮೇಲಿನ ಸಣ್ಣ ಆಫೀಸಿಗೆ ಮಾತ್ರ. ನಮ್ಮೂರಿನ ಭುಜಂಗ ಇದ್ದ ಅಲ್ಲಿ, ಒಬ್ಬನೇ. ಮೂರು ವರ್ಷ ಆಯ್ತು. ರಾತ್ರಿ ಕಾಲಿಗೆ ಹಾವು ಕಚ್ಚಿತು. ಇಲ್ಲಿ ಡಾಕ್ಟರ ಹತ್ರ ಸೂಜಿ ಇತ್ತು. ಒಂದು ತಾರು ಕೊಟ್ಟಿದ್ರೆ ಸಾಕಿತ್ತು."

"ಕೊಡಲಿಲ್ಲೇನ್ರಿ?"

"ಕೊಟ್ಟದ್ದು ಎಂತದು? ವಿಷ ತಲೆಗೇರಿ ಮುಂಬೈ ಬಾಂದ್ರಾವನ್ನು ಕರೀತಾ ಕೂತಿದ್ದನಂತೆ, ಬೆಳಗಿನ ತನಕ. ವಿಚಾರಣೆಗೆ ಬಂದ ಸಾಹೇಬ್ರಿಗೆ ನಿಮ್ಮ ಬಾಬುಗಳೇ ಹೇಳಿದ್ರು. ಕೆಲಸ ಬರದವನು, ಹೆಸರು ತಪ್ಪಿ ಬಡಿದು ಸತ್ತ ಅಂತ ಬರೆದುಕೊಂಡು ಹೋದ್ರು. ಅವನ ಹೆಂಡತಿ ಕುಸುಮಾವತಿ ಅದನ್ನು ಕೇಳಿಕೊಂಡು ಊರಿಗೆ ಹೋದಳು. ಆಫೀಸೂ ಮುಚ್ಚಿತು, ತಂತಿಯನ್ನೂ ಕಡಿದ್ರು."

ಬಾಂದ್ರಾ ಅಂತ ಬಾಯಲ್ಲಿ ಕೇಳಿದರೆ ಜಯಕರನಿಗಾದರೂ ಹೇಗೆ ಹೊಳೆಯಬೇಕು? ಅಕ್ಷರ ಅಕ್ಷರವಾಗಿ ಕೇಳಿದವರು ಇಬ್ಬರೇ. ಒಬ್ಬ ಶಿವರಾಯ. ಇನ್ನೊಬ್ಬ, ಭುಜಂಗ ಸತ್ತ ರಾತ್ರಿ ಪಾಳಿಯಲ್ಲಿದ್ದವನು.

ಶಿವರಾಯ ಉಣ್ಣಲಿಲ್ಲ. ಆಫೀಸಿಗೆ ಬಂದು, ಪಾಳಿಗೆ ಕೂತು, ಒಂದೂವರೆಯವರೆಗೆ ಹೇಗೋ ಕಳೆದ. ಕೊನೆಗೆ ತಡೆಯಲಾಗಲಿಲ್ಲ. ಆಫೀಸಿನ ಹಿಂದೆಯೇ ವಿಶ್ವನಾಥಪ್ಪನ ಖೋಲಿ. ಅಂಗಳ ದಾಟಿ ಹೋಗಿ ಬಾಗಿಲಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ.

"ಗುರುಗಳ... ಅದು ಮುಂಬೈ ಅಲ್ರಿ. ಬಂದ್ರಾ ಅಂತ ಕೇಳ್ಲತ್ತಾರ ಅವ್ರು."

ಒಳಗೆ ಮಂಚ ಕಿರ್ ಅಂತು.

"ನೀವು 'ಬಂದೆ' ಅಂದಿದ್ರಿ. ಹೌದಲ್ರಿ?"

ಒಳಗಿಂದ ದನಿ ಬಂತು. "ಚಳಿ ಭಾಳ ಇತ್ತಪಾ ಅವತ್ತ. ಹಂಗೇ ನಿದ್ದಿ ಹತ್ತಿತು."

"ಡಾಕ್ಟರ್ ಮನಿ ಎದುರಿಗೇ ಅದಲ್ರಿ..."

"ನೀ ಹೋಗು. ಕರದ್ರ ಬಂದೆ ಅನ್ನು. ನಿನ್ನ ಕೈಲೆ ಒಮ್ಮಿ ಅಂದ್ರ ನನ್ನ ಬಿಡ್ತಾನ."

ಚಳಿ. ಕೇಳಿದೆಯಾ? ಹಾವು ಕಚ್ಚಿದೆ ಅನ್ನುವ ತಾರು ಕೇಳಿಯೂ ಕಂಬಳಿಯೊಳಗಿಂದ ಕೈಯೊಂದನ್ನು ಚಾಚಿ 'ಬಂದೆ' ಅಂತ ಬಡಿದು ಮಗ್ಗುಲು ಬದಲಿಸಿದ. ನಾವೂ ಅನ್ನುತ್ತೇವಪ್ಪ, ಯಾರಾದರೂ ಕರೆದರೆ ಕೂತಲ್ಲಿಂದಲೇ 'ಬಂದೆ' ಅನ್ನುತ್ತೇವೆ, ಏಳುವುದೇ ಇಲ್ಲ. ಆದರೆ ಅಲ್ಲಿ ಒಬ್ಬ ಮನುಷ್ಯ ಆ ಒಂದು ಮಾತು ಹಿಡಿದುಕೊಂಡು ಕೂತಿದ್ದ. ಬಾತ ಕಾಲು ಚಾಚಿಕೊಂಡು ಬೆಳಗಿನವರೆಗೆ ಕೇಳಿದ. ಬಂದ್ರಾ? ಬಂದ್ರಾ?

ಅಷ್ಟರಲ್ಲಿ ಆಫೀಸಿನೊಳಗಿಂದ... ಕಡಾ, ಕಟ್, ಕಟ್, ಕಟ್.

ಶಿವರಾಯ ಓಡಿಬಂದ. ಗಡಿಯಾರ ಒಂದೂ ನಲವತ್ತು. ಓಡಿಹೋಗಬಹುದಿತ್ತು. ಅವನಿಗೆ ಅಯ್ಯೋ ಅನಿಸಿತಂತೆ, ಮೂರು ವರ್ಷದಿಂದ ಒಬ್ಬನೂ ಉತ್ತರ ಕೊಟ್ಟಿಲ್ಲ ಅಂತ. 'ಬಂದೆ' ಅನ್ನಲಿಲ್ಲ. ಅಷ್ಟು ಬುದ್ಧಿ ಇತ್ತು. ಇಲ್ಲಿ ಯಾರೋ ಇದ್ದಾರೆ ಅಂತ ತಿಳಿಯಲಿ ಅಂತ ಬರೀ ಆಫೀಸಿನ ಹೆಸರು ಬಡಿದ. ಬಲಗೈಯಲ್ಲಿ. ಕೊನೆಯ ಅಕ್ಷರಕ್ಕೆ ಮುಂಚೆ ಉಸಿರು ನಿಂತಿತು. ರೂಢಿ.

ಯಂತ್ರ ಸುಮ್ಮನಾಯಿತು.

ಆಮೇಲೆ ನಿಧಾನಕ್ಕೆ ಬಡಿಯಿತು. 'ಕೈ ನಿಮ್ಮದೇ.'

ಮತ್ತೆ ಒಂದೇ ಪದ. 'ಬಂದೆ.'

ಹೊರಗೆ ಹೆಜ್ಜೆ ಸದ್ದು. ಟಪ್... ಸರ್ರ್. ಟಪ್... ಸರ್ರ್. ಒಂದು ಕಾಲು ಇಟ್ಟು ಇನ್ನೊಂದನ್ನು ಎಳೆದುಕೊಂಡು ಬರುವ ಸದ್ದು. ರಸ್ತೆಯಿಂದ ಕಟ್ಟೆಗೆ, ಕಟ್ಟೆಯಿಂದ ಮೆಟ್ಟಿಲಿಗೆ. ಆಗ ಶಿವರಾಯನಿಗೆ ತಿಳಿಯಿತು, ಹನ್ನೊಂದು ತಿಂಗಳು ಏಟು ತಿಂದು ತಾನು ಕಲಿತದ್ದು ಏನು ಅಂತ. ಗುರು ಇವನಿಗೆ ಕಲಿಸಿದ್ದು ಬರೀ ಕೈಯನ್ನಲ್ಲ. ತನ್ನ ಪಾಲಿನ ಸಾವು ಕೊಟ್ಟಿದ್ದ. ಮಗನ ಹಾಗೆ ನೋಡಿಕೊಂಡದ್ದು ಬಲಿಗೆ ಬಿಟ್ಟ ಕುರಿಯನ್ನು ನೋಡಿಕೊಂಡ ಹಾಗೆ.

ಮೆಟ್ಟಿಲ ಮೇಲೆ... ಸರ್ರ್.

ಶಿವರಾಯ ಬಲಗೈ ತೆಗೆದು ತೊಡೆಯ ಕೆಳಗೆ ಒತ್ತಿಕೊಂಡ. ಎಡಗೈ ಇಟ್ಟ. ಹನ್ನೊಂದು ತಿಂಗಳಿಂದ ಯಂತ್ರ ಮುಟ್ಟದ ಕೈ, ಅಕ್ಷರ ಅಡ್ಡಾದಿಡ್ಡಿ. ಆದರೆ ಅವನದೇ. ನಾನು ಶಿವರಾಯ ಅಂತ ಬಡಿದ. ವಿಶ್ವನಾಥಪ್ಪ ಇಲ್ಲಿಲ್ಲ. ಹಿಂದಿನ ಖೋಲಿ.

ಬಾಗಿಲ ಆಚೆ ಸದ್ದು ನಿಂತಿತು. ಯಾರೋ ಉಸಿರಾಡುತ್ತಿದ್ದಂತೆ ಕೇಳಿಸಿತಂತೆ, ಆದರೆ ಬರೀ ಒಳಕ್ಕೆ, ಹೊರಕ್ಕಿಲ್ಲ. ಮೇಜಿನ ಮೇಲೆ ಯಂತ್ರ ಒಮ್ಮೆ ಬಡಿಯಿತು.

ಕಟ್... ಕಡಾ... ಕಟ್. ಮುಟ್ಟಿತು.

ಹೆಜ್ಜೆ ತಿರುಗಿತು. ಗೋಡೆಗುಂಟ ಹಿಂದಕ್ಕೆ ಹೋಯಿತು. ಟಪ್... ಸರ್ರ್. ಅಂಗಳದಲ್ಲಿ. ಆಮೇಲೆ ಹಿಂದಿನ ಬಾಗಿಲಿನ ಮೇಲೆ ಬೆರಳಿನಲ್ಲಿ ತಟ್ಟುವ ಸದ್ದು. ಕಡಾ, ಕಟ್, ಕಟ್, ಕಟ್...

ಒಳಗಿಂದ ವಿಶ್ವನಾಥಪ್ಪನ ದನಿ ಕೇಳಿತು. ಅರೆನಿದ್ದೆಯಲ್ಲಿ ಮನುಷ್ಯರು ಹೇಗೆ ಅನ್ನುತ್ತಾರೋ ಹಾಗೆ. ಉಸಿರು ನಿಲ್ಲಿಸಿ.

"ಬಂ... ದೆ."

ಆಮೇಲೆ ಏನೂ ಇಲ್ಲ.

ಬೆಳಿಗ್ಗೆ ಹಾಲಿನವನು ನೋಡಿದ. ಆಲದ ಮರದ ಕೆಳಗೆ, ಕಡಿದ ತಂತಿಯ ಕೊನೆ ಜೋತುಬಿದ್ದಲ್ಲಿ, ವಿಶ್ವನಾಥಪ್ಪ ಕಂಬಳಿ ಹೊದ್ದು ಕಂಬಕ್ಕೆ ಒರಗಿ ಕೂತಿದ್ದ. ಕೊರಡಾಗಿದ್ದ. ಡಾಕ್ಟರು ಕಾಗದದಲ್ಲಿ ಚಳಿ ಅಂತ ಬರೆದರು. ಜಯಕರ ಶಿವರಾಯನಿಂದ ಎಲ್ಲ ಕೇಳಿಕೊಂಡ. ಅವತ್ತೇ ಕುಸುಮಾವತಿಗೆ ಕಾಗದ ಬರೆದ, ನಿನ್ನ ಗಂಡ ಹೆಸರು ತಪ್ಪಿರಲಿಲ್ಲ ಅಂತ.

ಶಿವರಾಯ ನನ್ನ ಒಲೆಯ ಮುಂದೆ ಕೂತು ಒಂದೇ ಮಾತು ಕೇಳಿದ. "ಅಕ್ಕಾ, ವಿಳಾಸ ನಾ ಕೊಟ್ಟೆ. ಪಾಪ ನಂದೇನು?" ನಾನು ಅಂದೆ, "ಸುದ್ದಿ ಯಾರದೋ ಅವರಿಗೇ ಮುಟ್ಯದ. ಗಂಜಿ ಕುಡಿ." ಇವತ್ತು ಕೇಳಿದರೂ ಅದನ್ನೇ ಅನ್ನುತ್ತೇನೆ.

ಪರೀಕ್ಷೆ ಎಡಗೈಯಲ್ಲೇ ಪಾಸು ಮಾಡಿದ. ಈಗಲೂ ಊಟಕ್ಕೆ ಕರೆದು ನೋಡು. 'ಬಂದೆ' ಅನ್ನುವುದಿಲ್ಲ. ಸುಮ್ಮನೆ ಎದ್ದು ಬಂದು ಮುಂದೆ ನಿಲ್ಲುತ್ತಾನೆ.

ನಿದ್ದೆಗಣ್ಣಿನಲ್ಲಿ ಮುದುಕ ತಾನೇ ಎದ್ದು ನಡೆದಿರಬಹುದು ಅಂತೀಯಲ್ಲ? ಊರವರೂ ಅಂದರು. ಆದರೆ ಹೊಲದ ಕರಿಮಣ್ಣು ಇಬ್ಬನಿಗೆ ನೆನೆದಿತ್ತು, ಅವನ ಅಂಗಾಲಿಗೆ ಒಂದು ಚೂರೂ ಹತ್ತಿರಲಿಲ್ಲ. ಖೋಲಿಯ ಬಾಗಿಲು ತಳ್ಳಿದರೆ ಬರಲಿಲ್ಲ. ಕಿಟಕಿಯಿಲ್ಲದ ಖೋಲಿ. ಕೊನೆಗೆ ಮಾಡಿನ ಹೆಂಚು ತೆಗೆದು ಒಳಗೆ ಇಳಿದವನು ಶಿವರಾಯನೇ. ಮಂಚದ ಕೆಳಗೆ ಚಪ್ಪಲಿ ಜೋಡಿಸಿಟ್ಟಿತ್ತು. ಬಾಗಿಲ ಚಿಲಕ ಒಳಗಿನಿಂದ ಹಾಕಿತ್ತು.