ಗೀರದ ಕಡ್ಡಿ

ಹೇಳಿಕೆ ಕೊಟ್ಟವರು: ಮೇವಿಸ್ ಗರ್ನಾರ್ಲ, ವಯಸ್ಸು 41 ವರ್ಷ, ಕೆಲಸ: ನೆಲ ಕಾಯುವ ರೇಂಜರ್ ತಂಡದ ಮುಖ್ಯಸ್ಥೆ, ವಾಸ: ಮಂಕೋರ್ಲೊ ಹಟ್ಟಿ, ಪಶ್ಚಿಮ ಆರ್ನೆಮ್ ಲ್ಯಾಂಡ್, ಉತ್ತರ ಆಸ್ಟ್ರೇಲಿಯಾ.

ಠಾಣೆಯಲ್ಲಿ ಕೇಳಿದ್ದಕ್ಕೆ ನಾನು ತಿಳಿಯಪಡಿಸುವುದೇನೆಂದರೆ, ಮೃತರು ನನ್ನ ತಾಯಿಯ ತಮ್ಮ, ಸೋದರಮಾವ. ತೀರಿಕೊಂಡವರ ಹೆಸರನ್ನು ನಮ್ಮವರು ಬಾಯಲ್ಲಿ ಆಡುವುದಿಲ್ಲ. ಬೇಕಿದ್ದರೆ ಕಾನ್‌ಸ್ಟೇಬಲ್ ತಮ್ಮ ಕಾಗದ ನೋಡಿ ಬರೆದುಕೊಳ್ಳಲಿ, ನನಗೆ ಓದಿ ಹೇಳುವುದು ಬೇಡ.

ಮಳೆ ನಿಂತು ಹುಲ್ಲು ಇನ್ನೂ ಹಸಿಯಿರುವಾಗಲೇ ನಾವು ನಮ್ಮ ನೆಲವನ್ನು ಅಲ್ಲಲ್ಲಿ ಸುಡುತ್ತೇವೆ. ಹಾಗೆ ಮಾಡಿದರೆ ಬೇಸಿಗೆಯ ದೊಡ್ಡ ಬೆಂಕಿಗೆ ದಾರಿ ಸಿಗುವುದಿಲ್ಲ. ಹೀಗೆ ತಪ್ಪಿದ ಹೊಗೆಯನ್ನು ಲೆಕ್ಕ ಹಾಕಿ ನಗರದ ಕಂಪನಿಗಳು ಕಾರ್ಬನ್ ಕ್ರೆಡಿಟ್ ಎಂದು ಕೊಳ್ಳುತ್ತವೆ. ಹಟ್ಟಿಯ ಶಾಲೆ, ರೇಂಜರ್‌ಗಳ ಸಂಬಳ ಎಲ್ಲ ನಡೆಯುವುದು ಅದರಿಂದಲೇ. ಜುಲೈ ಮುಗಿದ ಮೇಲೆ ಎದ್ದ ಬೆಂಕಿಯನ್ನು ಉಪಗ್ರಹ ಕಂಡರೆ ಅದು ನಮ್ಮ ಲೆಕ್ಕದಿಂದ ಕಡಿತವಾಗುತ್ತದೆ. ಗಾಳಿ ನೋಡಿ ಎಲ್ಲಿ ಕಡ್ಡಿ ಗೀರಬೇಕೆಂದು ನನಗೆ ಕಲಿಸಿದವರು ಮಾವನೇ.

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಮಾವ ಕಾಂಗರೂ ಬೇಟೆಗೆಂದು ಹುಲ್ಲಿಗೆ ಬೆಂಕಿ ಹಾಕಿದ್ದು ಕೈಮೀರಿ ನಾಲ್ಕು ದಿನ ಉರಿಯಿತು. ಈ ವರ್ಷ ಜೂನ್‌ನಲ್ಲಿ ಮಾವಿನ ಮರದ ಕೆಳಗೆ ನಡೆದ ಸಭೆಯಲ್ಲಿ ಎಲ್ಲರ ಎದುರು ನಾನು ಅವರನ್ನು ತರಾಟೆಗೆ ತೆಗೆದುಕೊಂಡೆ. "ಮಾವ, ಜುಲೈ ದಾಟಿದ ಮೇಲೆ ನೀನು ಒಂದು ಕಡ್ಡಿ ಗೀರಿದ್ರೂ ಅದು ನಮ್ಮ ಮಕ್ಕಳ ಹೊಟ್ಟೆ ಮೇಲೆ ಹೊಡೆದ ಹಾಗೆ" ಎಂದೆ. ತಂಡದ ಹುಡುಗರು ನಕ್ಕರು. ಮಾವನೂ ನಗುತ್ತಲೇ, "ನಿನ್ನ ಆ ಆಕಾಶದ ಕಣ್ಣು ನಾನು ಚಾ ಕಾಯ್ಸೋದನ್ನೂ ನೋಡುತ್ತೇನು ತಾಯಿ?" ಎಂದರು. ಚಾ ಕಾಯಿಸಿಕೋ, ಹೊಗೆ ಮಾತ್ರ ಎಬ್ಬಿಸಬೇಡ ಎಂದೆ. ಆಯ್ತು ಎಂದು ಮಾತು ಕೊಟ್ಟರು. ಸೋದರಮಾವನಿಗೆ ನಾಲ್ಕು ಜನರ ಮುಂದೆ ಹಾಗೆ ಅನ್ನುವುದು ನಮ್ಮಲ್ಲಿ ಸಲ್ಲದು. ಅದು ಗೊತ್ತಿದ್ದೇ ಅಂದೆ.

ದಿನಾಂಕ 9-10-2022, ಭಾನುವಾರ ಬೆಳಿಗ್ಗೆ 6 ಗಂಟೆಗೆ ಮಾವ ಒಬ್ಬರೇ ಹಳೆಯ ಟೊಯೋಟಾದಲ್ಲಿ 62 ಕಿ.ಮೀ. ದೂರದ ತಮ್ಮ ತಾಯಿಯ ನೆಲಕ್ಕೆ ಹೊರಟರು. ಅಲ್ಲಿನ ನೀರಿನ ಮಡುವಿಗೆ ಕಾಡೆಮ್ಮೆ ನುಗ್ಗದಂತೆ ಹಾಕಿದ ಬೇಲಿ ನೋಡಿ ಸಂಜೆಗೆ ಬರುವವರಿದ್ದರು. ಅಲ್ಲಿ ಫೋನು ಸಿಗುವುದಿಲ್ಲ. ರಾತ್ರಿ ಬರಲಿಲ್ಲ. ಮೀನು ಹಿಡಿಯುತ್ತ ಉಳಿದಿರಬೇಕು ಎಂದುಕೊಂಡೆ.

ಸೋಮವಾರ ಕಚೇರಿಯ ಕಂಪ್ಯೂಟರ್‌ನಲ್ಲಿ, ಉಪಗ್ರಹ ಕಂಡ ಬೆಂಕಿಯನ್ನೆಲ್ಲ ಚುಕ್ಕೆಯಾಗಿ ತೋರಿಸುವ ನಕ್ಷೆ ನೋಡಿದೆ. ಆ ದಿಕ್ಕಿನಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ದಾರಿ ತಪ್ಪಿದವರು, ಗಾಡಿ ಕೆಟ್ಟವರು ಹುಲ್ಲಿಗೆ ಬೆಂಕಿಯಿಟ್ಟು ಹೊಗೆ ಎಬ್ಬಿಸುವುದು ನಮ್ಮ ರೂಢಿ. ಹೊಗೆ ಇಲ್ಲ ಅಂದ ಮೇಲೆ ತೊಂದರೆಯೂ ಇಲ್ಲ ಎಂದು ಮಾವನ ಹೆಂಡತಿ ಡಲ್ಸಿ ಅತ್ತೆಗೆ ಸಮಾಧಾನ ಹೇಳಿದೆ. ಮಂಗಳವಾರ ಮಧ್ಯಾಹ್ನ ಕ್ರೆಡಿಟ್ ಕೊಳ್ಳುವ ಕಂಪನಿಯವರು ಬಂದಿದ್ದರು. ಅದೇ ನಕ್ಷೆ ತೋರಿಸಿ, ನೋಡಿ, ನಮ್ಮ ನೆಲದಲ್ಲಿ ಒಂದು ಚುಕ್ಕೆಯೂ ಇಲ್ಲ ಎಂದು ಬೀಗಿದೆ. ಮಾವನ ಜೀವ ಹೋದದ್ದು ಹೆಚ್ಚುಕಡಿಮೆ ಆ ಹೊತ್ತಿಗೇ ಎಂದು ಡಾಕ್ಟರು ಆಮೇಲೆ ಹೇಳಿದರು.

ಅಂದು ಸಂಜೆ ಅತ್ತೆ ಕಚೇರಿಯ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ. "ಹೊಗೆ ಎಬ್ಬಿಸ್ಬೇಡ ಅಂದೋಳು ನೀನೇ ಅಲ್ವೇನೇ ಮೇವಿಸ್?" ಎಂದರು. ಆಗಲೇ ಠಾಣೆಗೆ ಫೋನ್ ಮಾಡಿದೆ.

ಬುಧವಾರ ಬೆಳಿಗ್ಗೆ 7.50ಕ್ಕೆ ಹೆಲಿಕಾಪ್ಟರ್‌ನಿಂದ ಗಾಡಿ ಕಂಡಿತು. ಒಣ ಹೊಳೆಯ ಮರಳಿನಲ್ಲಿ ಆಕ್ಸಲ್ ಮುರಿದಿತ್ತು. ಮಾವ ಅಲ್ಲಿಂದ ನಲವತ್ತು ಮೀಟರ್ ದೂರದ ಮರದ ಕೆಳಗಿದ್ದರು. ನೀರಿನ ಕ್ಯಾನ್ ಖಾಲಿಯಾಗಿತ್ತು. ಸುತ್ತಲೂ ಆಳೆತ್ತರದ ಒಣಹುಲ್ಲು. ಒಂದು ಕಡ್ಡಿ ಸಾಕಿತ್ತು, ಹಟ್ಟಿಯವರೆಗೂ ಹೊಗೆ ಕಾಣುತ್ತಿತ್ತು. ಮಾವ ಕೈಯಿಂದಲೇ ಹುಲ್ಲು ಕಿತ್ತು, ಮಣ್ಣು ಕಾಣುವಂತೆ ದುಂಡಗೆ ಜಾಗ ಮಾಡಿ, ಅದರ ನಡುವೆ ಅಂಗೈಯಗಲದ ಬೆಂಕಿಯಲ್ಲಿ ಚಾ ಕಾಯಿಸಿಕೊಂಡಿದ್ದರು. ಆಮೇಲೆ ಅದರ ಮೇಲೂ ಮರಳು ಮುಚ್ಚಿದ್ದರು. ಅಂಗಿಯ ಜೇಬಿನಲ್ಲಿದ್ದ ಬೆಂಕಿಪೊಟ್ಟಣದಲ್ಲಿ ಕಡ್ಡಿಗಳು ತುಂಬಿದ್ದವು.

ಕಡ್ಡಿ ಇದ್ದೂ ಯಾಕೆ ಹುಲ್ಲಿಗೆ ಹಚ್ಚಲಿಲ್ಲ, ಬುದ್ಧಿಭ್ರಮಣೆಯಾಗಿತ್ತೇ ಎಂದು ಕಾನ್‌ಸ್ಟೇಬಲ್ ಕೇಳಿದರು. ಬುದ್ಧಿ ನೆಟ್ಟಗೇ ಇತ್ತು. ಕೊಟ್ಟ ಮಾತು ನೆನಪಿತ್ತು. ಸಾಯುವಂತಾದರೂ ಎಬ್ಬಿಸಬೇಡ ಎಂದು ನಾನು ಹೇಳಿರಲಿಲ್ಲ. ಸಾಯುವಂತಾದರೆ ಎಬ್ಬಿಸು ಎಂದೂ ಹೇಳಿರಲಿಲ್ಲ. ಈ ವರ್ಷ ನಮ್ಮ ಲೆಕ್ಕದಲ್ಲಿ ಕಡಿತವಿಲ್ಲ. ಇದನ್ನೂ ಬರೆದುಕೊಳ್ಳಿ.

ನಮ್ಮ ಪದ್ಧತಿಯಂತೆ ತೀರಿಕೊಂಡವರ ಮನೆಗೆ ಹಸಿ ಸೊಪ್ಪಿನ ಹೊಗೆ ಹಾಕಬೇಕು. ಅದನ್ನು ಮಾವನ ಕಡ್ಡಿಯಿಂದಲೇ ಹೊತ್ತಿಸಬೇಕೆಂದು ಅತ್ತೆಯ ಆಸೆ. ಸಾಕ್ಷ್ಯವೆಂದು ಠಾಣೆಯಲ್ಲಿಟ್ಟುಕೊಂಡ ಆ ಬೆಂಕಿಪೊಟ್ಟಣವನ್ನು ಅತ್ತೆಗೆ ಕೊಡಬೇಕಾಗಿ ಕೋರುತ್ತೇನೆ. ನನ್ನ ಕೈಗೆ ಕೊಡಬೇಡಿ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಲಾಯಿತು. "ಮೃತರು ಬೆಂಕಿ ಹಚ್ಚಲು ವಿಫಲರಾದರು" ಎಂದಿದ್ದ ಕಡೆ ಹೊಡೆದುಹಾಕಿಸಿ "ಹಚ್ಚಲಿಲ್ಲ" ಎಂದು ಬರೆಯಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಿಜವಿದೆ.

ಸ್ಥಳ: ಮಂಕೋರ್ಲೊ
ದಿನಾಂಕ: 14-10-2022
ಸಹಿ: ಮೇವಿಸ್ ಗರ್ನಾರ್ಲ